ಇಲ್ಲಿ ನಗಬೇಕು

ನಗು ಅರ್ಧ ಕ್ಷಣ ಮೊದಲೇ ಬಂದುಬಿಟ್ಟಿತು.

ಸೋಮವಾರದ ಕೊನೆಯ ಪೀರಿಯಡ್. ಒಂಬತ್ತನೆಯ ತರಗತಿಯ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತೇ ಹೊರತು ಗಾಳಿಯ ಸುಳಿವಿರಲಿಲ್ಲ. ಹಿಸ್ಟರಿ ಮಿಸ್ ಎಂದೇ ಶಾಲೆಯೆಲ್ಲ ಕರೆಯುವ ಅವಳು ಒಂದು ಕೈಯನ್ನು ಕುರ್ಚಿಯ ಬೆನ್ನಿಗೆ ಊರಿ, ಇನ್ನೊಂದರಲ್ಲಿ ತನ್ನ ಹಳೆಯ ನೋಟ್‌ಬುಕ್ಕು ಹಿಡಿದು ಬರೆಸುತ್ತಿದ್ದಳು. ಬೆಳಗಿನಿಂದ ಅದು ಆರನೆಯ ಪೀರಿಯಡ್ಡು. ಕಾಲು ಮರಗಟ್ಟಿ ಹೋಗಿತ್ತು, ಗಂಟಲು ಆರಿತ್ತು, ಬಾಯಿ ಮಾತ್ರ ತನ್ನ ಪಾಡಿಗೆ ನಡೆಯುತ್ತಿತ್ತು.

"ಈ ರಾಜನಿಗೆ ಬರ್ತಿದ್ದಿದ್ದು ಮೂರೇ ಕೆಲಸ," ಅಂದಳು. "ಯುದ್ಧಕ್ಕೆ ಹೋಗೋದು, ಸೋತು ವಾಪಸ್ ಬರೋದು..."

ಮೂರನೆಯದು ಮದುವೆಯಾಗುವುದು. ಹದಿನೆಂಟು ವರ್ಷದಿಂದ ಅದೇ ಮೂರು. ಆದರೆ ಆ ಮೂರನೆಯದು ಇನ್ನೂ ಅವಳ ನಾಲಿಗೆಯ ತುದಿಯಲ್ಲಿರುವಾಗಲೇ ನಲವತ್ತನಾಲ್ಕು ಮಕ್ಕಳು ಒಟ್ಟಿಗೇ ನಕ್ಕರು, ಒಟ್ಟಿಗೇ ನಿಲ್ಲಿಸಿದರು, ಹಾಜರಿ ಕೂಗಿದಾಗ ಓಗೊಟ್ಟ ಹಾಗೆ.

ಅವಳು ನೋಟ್‌ಬುಕ್ಕು ಕೆಳಗಿಳಿಸಿದಳು. ಆಮೇಲೆ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಎಂಬಂತೆ, ತರಗತಿಯನ್ನು ಕಣ್ಣಿಟ್ಟು ನೋಡಿದಳು. ಅವಳು ಬರೆಸುತ್ತಿದ್ದಾಳೆ, ಒಬ್ಬರ ಕೈಯಲ್ಲೂ ಪೆನ್ನಿಲ್ಲ. ಕೊನೆಯ ಬೆಂಚಿನಲ್ಲಿ ಎತ್ತರದ ಹುಡುಗ, ಎಲ್ಲರೂ 'ಕಂಬ' ಎಂದು ಕರೆಯುವವನು, ಮಡಿಲಲ್ಲಿ ಏನನ್ನೋ ಇಟ್ಟುಕೊಂಡು ಬೆರಳಿನಿಂದ ಸಾಲು ಹಿಡಿದು ಕೂತಿದ್ದ.

"ಏನೋ ಅದು?"

"ಏನಿಲ್ಲ ಮಿಸ್."

"ಆ ಏನಿಲ್ಲಾನೇ ಇಲ್ಲಿ ಕೊಡು."

ಸುರುಳಿ ತಂತಿ ಹಾಕಿದ ಜೆರಾಕ್ಸ್ ಕಟ್ಟು. ನಕಲಿನ ನಕಲು ತೆಗೆದು ತೆಗೆದು ಅಕ್ಷರಗಳ ಅಂಚು ಸವೆದಿತ್ತು. ಮುಖಪುಟದಲ್ಲಿ ದಪ್ಪಕ್ಷರ: ಹಿಸ್ಟರಿ, ಒಂಬತ್ತು ಮತ್ತು ಹತ್ತು, ಪೂರ್ತಿ. ಅಷ್ಟರಲ್ಲಿ ಬೆಲ್ ಹೊಡೆಯಿತು. ಮಕ್ಕಳು ಚೆಲ್ಲಿದ ಕಾಳಿನ ಹಾಗೆ ಬಾಗಿಲಾಚೆ ಚದುರಿ ಹೋದರು.

ಸ್ಟಾಫ್ ರೂಮಿನಲ್ಲಿ ಚಪ್ಪಲಿ ಕಳಚಿ, ಕಾಲನ್ನು ಎದುರಿನ ಕುರ್ಚಿಗೆ ಚಾಚಿ ಕೂತು ಅವಳು ಅದನ್ನು ಓದಿದಳು. ಅವಳದೇ ಮಾತು, ಒಂದಕ್ಷರ ಆಚೆ ಈಚೆ ಇಲ್ಲ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಸೂಚನೆಗಳು ಬೇರೆ.

'ಇಲ್ಲಿ ಕಿಟಕಿ ಹತ್ತಿರ ಹೋಗಿ ನಿಲ್ಲುತ್ತಾರೆ. ಎರಡು ನಿಮಿಷ ಸಿಗುತ್ತೆ.'

'ಇಲ್ಲಿ ನೀರು ಕುಡಿಯುತ್ತಾರೆ.'

'ಇಲ್ಲಿ ಅರ್ಥ ಆಯ್ತಾ ಅಂತಾರೆ. ಹೂಂ ಅನ್ನಬೇಕು. ಪ್ರಶ್ನೆ ಕೇಳಿದರೆ ಬೆಲ್ ಆದಮೇಲೂ ಬಿಡಲ್ಲ.'

ರಾಜನ ಪಾಠದ ಪಕ್ಕದಲ್ಲಿ: 'ಇಲ್ಲಿ ನಗಬೇಕು. ನಗದಿದ್ದರೆ ಇನ್ನೊಂದು ಸಲ ಹೇಳುತ್ತಾರೆ.'

ಕೋಪ ಬರಬೇಕಿತ್ತು. ಆದರೆ ಕೋಪಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ಅವಳು ಬಾಟಲಿ ಎತ್ತಿ ನೀರು ಕುಡಿದಳು. ಕುಡಿಯುತ್ತಲೇ ಕಟ್ಟಿನಲ್ಲಿ 'ಇಲ್ಲಿ ನೀರು' ಎಂದಿದ್ದದ್ದು ನೆನಪಾಗಿ ನೆತ್ತಿಗೇರಿತು.

ಕೆಮ್ಮು ನಿಲ್ಲುವ ಹೊತ್ತಿಗೆ ಪ್ರಿನ್ಸಿಪಾಲ್ ಮೇಡಂ ಬಾಗಿಲಲ್ಲಿ ನಿಂತಿದ್ದರು. ಅವರ ಕೈಯಲ್ಲಿ ಯಾವಾಗಲೂ ಒಂದು ಪಟ್ಟಿ ಇರುತ್ತದೆ.

"ಶುಕ್ರವಾರ ಮಧ್ಯಾಹ್ನದೊಳಗೆ ಮೇಡಂ," ಅಂದರು. "ಹತ್ತನೇ ಕ್ಲಾಸಿಗೆ ಆಪ್ಷನಲ್ ಆಗಿ ಹಿಸ್ಟರಿ ತಗೊಳ್ಳೋರು ಇಪ್ಪತ್ತು ಜನ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಈ ವರ್ಷಕ್ಕೇ ಆ ವಿಷಯ ಬಂದ್. ಆಡಳಿತ ಮಂಡಳಿಯವರು ನನ್ನ ಮಾತು ಕೇಳಲ್ಲ."

"ಆಮೇಲೆ ನಾನು?"

"ನಿಮ್ಮನ್ನ ಊರಾಚೆ ಇರೋ ಬ್ರಾಂಚ್ ಸ್ಕೂಲಿಗೆ ಹಾಕ್ತಾರೆ. ಸಣ್ಣ ಮಕ್ಕಳ ಕ್ಲಾಸು. ಬೆಳಗ್ಗೆ ಆರಕ್ಕೆ ಮನೆ ಬಿಡ್ಬೇಕಾಗುತ್ತೆ, ಏನ್ಮಾಡೋದು." ಅವರು ಮೇಜಿನ ಮೇಲಿನ ಕಟ್ಟನ್ನು ನೋಡಿ ನಕ್ಕರು. "ಓ, ಸಿಕ್ತಾ ನಿಮಗೂ? ಬೇಜಾರು ಮಾಡ್ಕೋಬೇಡಿ. ಪ್ರತಿ ವರ್ಷ ನಿಮ್ಮ ಕ್ಲಾಸು ತುಂಬೋದೇ ಇದರಿಂದ. ನೋಟ್ಸ್ ರೆಡಿ ಇದೆ, ಓದಿದ್ರೆ ಮಾರ್ಕ್ಸ್ ಗ್ಯಾರಂಟಿ ಅಂತ. ಅದನ್ನ ಕಿತ್ಕೋಬೇಡಿ, ವಾಪಸ್ ಕೊಟ್ಬಿಡಿ."

ತನ್ನ ಪಾಠ ಕೇಳಿ ಬರುತ್ತಾರೆ ಎಂದುಕೊಂಡಿದ್ದಳು ಅವಳು. ಕೇಳದೆ ಇರಬಹುದು ಎಂದು ಬರುತ್ತಿದ್ದರಂತೆ.

ಮನೆಗೆ ಹೋಗಿ, ಬ್ಯಾಗನ್ನು ಬಾಗಿಲ ಹತ್ತಿರವೇ ಇಳಿಸಿ, ಒಲೆಯ ಮುಂದೆ ನಿಂತಾಗ ಮಗಳು ಹೋಂವರ್ಕಿನಿಂದ ತಲೆ ಎತ್ತಿದಳು. ಹನ್ನೊಂದು ವರ್ಷ, ಅಮ್ಮನ ಮುಖ ನೋಡಿಯೇ ದಿನ ಹೇಗಿತ್ತೆಂದು ಹೇಳಬಲ್ಲಳು. ಗಂಡನದು ರಾತ್ರಿ ಪಾಳಿ, ಅವನು ಆಗಲೇ ಹೊರಟಿದ್ದ. ಅವಳು ನಗುವಿನ ಕತೆ ಹೇಳಿದಳು. ಮಗಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಮೂರ್ನೇದು ಮದುವೆ ಆಗೋದು, ಅಲ್ವಾ? ನನಗೂ ಬರುತ್ತೆ ಅಮ್ಮ. ನೀನು ಮನೇಲೂ ಅದನ್ನೇ ಹೇಳ್ತೀಯ."

ಮಂಗಳವಾರ ಅವಳು ಕಟ್ಟನ್ನು ಕಂಬನಿಗೆ ವಾಪಸ್ ಕೊಟ್ಟಳು. ಬೈಗುಳ ಬೀಳುತ್ತದೆಂದು ತರಗತಿ ತಲೆ ತಗ್ಗಿಸಿ ಕಾದಿತ್ತು.

"ನಾನು ಬರೆಸಲ್ಲ," ಅಂದಳು. "ಹೇಗೂ ನಿಮ್ಮತ್ರ ಇದೆ. ಇವತ್ತು ಕೊನೇ ಪಾಠ, ನಮ್ಮೂರಿನ ಗಿರಣಿ. ನೀನೇ ಎದ್ದು ಓದಪ್ಪ. ನಾನು ಸ್ವಲ್ಪ ಕೂತ್ಕೋತೀನಿ."

ಇದು ಯಾವ ಬೋಧನಾ ವಿಧಾನವೂ ಆಗಿರಲಿಲ್ಲ. ಕಾಲು ನೋಯುತ್ತಿತ್ತು, ಅಷ್ಟೆ.

ಕಂಬ ಎದ್ದು ಓದತೊಡಗಿದ. ನದಿ ದಂಡೆಯ ಬಟ್ಟೆ ಗಿರಣಿ ಯಾವಾಗ ಶುರುವಾಯಿತು, ಎಷ್ಟು ಮಗ್ಗ, ಎಷ್ಟು ಜನ. ಅರವತ್ತೊಂದು ವರ್ಷದ ಹಿಂದೆ ಅಲ್ಲಿ ಬಿದ್ದ ಬೆಂಕಿ. "ಬೆಂಕಿ ಬಿದ್ದ ಬೆಳಗ್ಗೆ ನೂಲಿನ ವಿಭಾಗದಲ್ಲಿದ್ದ ಹದಿನೇಳು ಜನ ಹೆಂಗಸರು ಮರುವರ್ಷ ನದಿಯಾಚೆ ಕಟ್ಟಿದ ಹೊಸ ಗಿರಣಿಯಲ್ಲಿ ಕೆಲಸಕ್ಕೆ ಸೇರಿದರು. ಹೊಸ ಗಿರಣಿಯಲ್ಲಿ..."

"ಸೇರ್ಲಿಲ್ಲ."

ಎರಡನೆಯ ಸಾಲಿನ ಕಿಟಕಿ ಬದಿಯಿಂದ ಬಂದ ದನಿ. ಎಲ್ಲರೂ ತಿರುಗಿದರು. ಇಡೀ ವರ್ಷ ಆ ಹುಡುಗಿ ಬಾಯಿ ಬಿಟ್ಟದ್ದು ಹಾಜರಿಗೆ ಮಾತ್ರ; ಅದಕ್ಕೇ ಅವಳಿಗೆ 'ಮೌನಿ' ಎಂದು ಹೆಸರು.

"ಏನಮ್ಮ?"

"ಅವರು ಕೆಲಸಕ್ಕೆ ಸೇರ್ಲಿಲ್ಲ ಮಿಸ್. ಸತ್ತೋದ್ರು. ನಮ್ಮಜ್ಜಿಯ ಅಕ್ಕ ಅದರಲ್ಲಿ ಒಬ್ಬರು." ಹುಡುಗಿಯ ಕಿವಿ ಕೆಂಪಾಗಿತ್ತು. "ಬಾಗಿಲಿಗೆ ಹೊರಗಿಂದ ಬೀಗ ಹಾಕಿದ್ರಂತೆ."

ಆಮೇಲೆ ಹಿಂದಿನಿಂದ ಯಾರೋ, "ಹಾಗಾದ್ರೆ ಮರುವರ್ಷ ದೆವ್ವ ಆಗಿ ಡ್ಯೂಟಿಗೆ ಹೋದ್ರಾ?" ಎಂದ. ನಗು ಎದ್ದಿತು. ಇದು ಯಾವ ಅಂಚಿನಲ್ಲೂ ಬರೆದಿಟ್ಟ ನಗುವಲ್ಲ. ಮೌನಿ ಮಾತ್ರ ನಗಲಿಲ್ಲ. ಅದನ್ನು ನೋಡಿ ಉಳಿದವರದೂ ಒಬ್ಬೊಬ್ಬರದಾಗಿ ನಿಂತಿತು.

"ನೋಡಿ ಹೇಳ್ತೀನಿ," ಅಂದಳು ಮಿಸ್.

ಇದು ಹೇಗಾಯಿತೆಂದು ಅವಳಿಗೆ ನಿಜಕ್ಕೂ ಗೊತ್ತಾಗಲಿಲ್ಲ. ಹದಿನೇಳು ಜನ ಸತ್ತದ್ದು ಅವಳಿಗೆ ಗೊತ್ತು, ಯಾವಾಗಿನಿಂದಲೂ ಗೊತ್ತು. ಹಾಗಿದ್ದೂ ಸತ್ತವರು ಕೆಲಸಕ್ಕೆ ಸೇರಿದರು ಎಂಬ ಸಾಲನ್ನು ತಾನು ವರ್ಷ ವರ್ಷವೂ ಬರೆಸಿದ್ದೇನೆ. ಪರೀಕ್ಷೆಯ ಉತ್ತರಗಳಲ್ಲಿ ಓದಿ ಸರಿ ಗುರುತು ಹಾಕಿದ್ದೇನೆ. ಕಿವಿಗೂ ತಾಕಿಲ್ಲ, ಕಣ್ಣಿಗೂ ತಾಕಿಲ್ಲ.

ತರಗತಿಯಲ್ಲಿ ಆಗಲೇ ಜಗಳ ಹತ್ತಿತ್ತು. ಕಟ್ಟಿನ ಮೂಲಪ್ರತಿ ಬರೆದವಳು ಕಂಬನ ಅಕ್ಕ, ಆರು ವರ್ಷದ ಹಿಂದೆ ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದವಳು.

"ನಿಮ್ಮಕ್ಕ ನಿದ್ದೆಗಣ್ಣಲ್ಲಿ ಬರೆದಿರ್ಬೇಕು ಕಣೋ."

"ನಮ್ಮಕ್ಕನ ವಿಷಯಕ್ಕೆ ಬಂದ್ರೆ ನೋಡು! ಅವಳು ಒಂದು ಚುಕ್ಕೆ ಕೂಡ ಬಿಡೋಳಲ್ಲ."

"ಹಾಗಾದ್ರೆ ಪ್ರೂವ್ ಮಾಡು." ಹಾಗೆ ಅಂದವಳು ಮುಂದಿನ ಬೆಂಚಿನ ಹುಡುಗಿ. ಯಾವ ಮಾತಿಗೂ ಎದುರು ಮಾತು ಹುಡುಕುವವಳು, ಅದಕ್ಕೇ 'ಲಾಯರ್'. "ಮನೇಲಿ ಹಳೇ ನೋಟ್ಸ್ ಯಾರ್ಯಾರ ಹತ್ರ ಇದೆ? ಅಕ್ಕಂದು, ಅಣ್ಣಂದು, ಚಿಕ್ಕಮ್ಮಂದು. ನಾಳೆ ಎಲ್ಲಾ ತನ್ನಿ. ಯಾರ ಹತ್ರ ತಪ್ಪು ಶುರುವಾಯ್ತು ಅಂತ ನೋಡೇಬಿಡೋಣ."

ಬೆಲ್ ಹೊಡೆಯಿತು. ಯಾರೂ ಎದ್ದು ಓಡಲಿಲ್ಲ. ಅವಳಿಗೆ ಅದು ಗಮನಕ್ಕೆ ಬಂದದ್ದು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಮೇಲೆ.

ಬುಧವಾರ ಒಂಬತ್ತು ನೋಟ್‌ಬುಕ್ಕುಗಳು ಬಂದವು. ಅಟ್ಟದಿಂದ ಇಳಿಸಿದವು, ಟ್ರಂಕಿನ ತಳದಿಂದ ಎಳೆದವು. ಒಂದಕ್ಕೆ ಇಲಿ ಮೂಲೆ ತಿಂದಿತ್ತು. ಮಕ್ಕಳು ಬೆಂಚು ಜೋಡಿಸಿ ವರ್ಷದ ಪ್ರಕಾರ ಸಾಲಾಗಿ ಇಟ್ಟರು. ಅವಳು ಏನೂ ಹೇಳಿಕೊಡಲಿಲ್ಲ. ಕುರ್ಚಿಯಲ್ಲಿ ಕೂತು ನೋಡಿದಳು.

"ಮಿಸ್, ಮೂರು ವರ್ಷದ ಹಿಂದಿಂದು. ಇದರಲ್ಲೂ ದೆವ್ವಗಳು ಕೆಲಸಕ್ಕೆ ಸೇರಿವೆ."

"ಇದು ನಮ್ಮಕ್ಕಂದೇ ಒರಿಜಿನಲ್. ಇದರಲ್ಲೂ ಇದೆ." ಕಂಬನ ದನಿ ಸಣ್ಣಗಾಯಿತು. ಆದರೆ ಎರಡೇ ನಿಮಿಷದಲ್ಲಿ ಮತ್ತೆ ಏರಿತು: "ನೋಡ್ರೋ ಇಲ್ಲಿ! ಎಂಟು ವರ್ಷದ ಹಿಂದಿಂದರಲ್ಲೂ ಇದೆ! ಆಗ ನಮ್ಮಕ್ಕ ಈ ಕ್ಲಾಸಿಗೇ ಬಂದಿರ್ಲಿಲ್ಲ! ಈಗ ಹೇಳು, ಯಾರು ನಿದ್ದೆಗಣ್ಣಲ್ಲಿ ಬರೆದಿದ್ದು?"

ಹಿಂದೆ ಹಿಂದೆ ಹೋದರು. ಒಂಬತ್ತು ವರ್ಷದ ಹಿಂದಿನ ಎರಡು ಪುಸ್ತಕಗಳಲ್ಲೂ ಅದೇ ಸಾಲು. ಹತ್ತು ವರ್ಷದ ಹಿಂದಿನದು ಯಾರದೋ ಚಿಕ್ಕಮ್ಮನ ಪುಸ್ತಕ, ಅಂಚಿನ ತುಂಬ ಬಳ್ಳಿ ಚಿತ್ರ. ಅದನ್ನು ತೆರೆದ ಹುಡುಗಿ ಕಿರುಚಿಬಿಟ್ಟಳು.

"ಇದರಲ್ಲಿ ಜಾಸ್ತಿ ಇದೆ ಮಿಸ್! ಹದಿನೇಳು ಜನ ಹೆಂಗಸರು ಹೊರಗಿನಿಂದ ಬೀಗ ಹಾಕಿದ್ದ ಬಾಗಿಲ ಹಿಂದೆಯೇ ಉಳಿದರು, ಅಂತ. ಆಮೇಲೆ ಅವರ ಹೆಸರುಗಳು ಅಂತ ಬರೆದು..." ಅವಳು ಪುಟ ತಿರುಗಿಸಿ ಮತ್ತೆ ಹಿಂದೆ ತಿರುಗಿಸಿದಳು. "ಮೂರು ಹೆಸರು ಬರೆದು ಇತ್ಯಾದಿ ಅಂತ ಹಾಕಿದಾರೆ."

"ನಿಮ್ಮ ಚಿಕ್ಕಮ್ಮಂಗೆ ಬಳ್ಳಿ ಬರೆಯೋಕೆ ಟೈಮ್ ಇತ್ತು, ಹೆಸರು ಬರೆಯೋಕೆ ಇರ್ಲಿಲ್ಲ ನೋಡು!"

ಮೌನಿ ಎದ್ದು ಬಂದು ಆ ಮೂರು ಹೆಸರು ಓದಿದಳು. "ನಮ್ಮಜ್ಜಿ ಅಕ್ಕ ಇತ್ಯಾದೀಲಿದ್ದಾರೆ," ಅಂದು ಹೋಗಿ ಕೂತಳು.

ಲಾಯರ್ ಅಷ್ಟು ಹೊತ್ತೂ ಸೊಂಟಕ್ಕೆ ಕೈ ಕೊಟ್ಟು, ಒಂಬತ್ತು ವರ್ಷದ ಹಿಂದಿನ ಆ ಎರಡು ಪುಸ್ತಕಗಳನ್ನೇ ದಿಟ್ಟಿಸುತ್ತಿದ್ದಳು. "ಒಂದು ನಿಮಿಷ," ಅಂದಳು. "ಇದು ಎ ಸೆಕ್ಷನ್. ಇದು ಬಿ ಸೆಕ್ಷನ್. ಒಬ್ಬರನ್ನೊಬ್ಬರು ನೋಡಿ ಬರೆದಿಲ್ಲ, ಕೈಬರಹ ಬೇರೆ, ತಪ್ಪುಗಳೂ ಬೇರೆ ಬೇರೆ. ಆದ್ರೆ ಬಿಟ್ಟಿರೋ ಜಾಗ ಮಾತ್ರ ಎರಡರಲ್ಲೂ ಅದೇ. ಅಂದ್ರೆ ಬರ್ಕೊಂಡೋರು ಬಿಟ್ಟಿಲ್ಲ..."

ಮಾತು ಎಲ್ಲಿಗೆ ಹೊರಟಿದೆ ಎಂದು ಅವಳಿಗೇ ಹೊಳೆದಿರಬೇಕು, ನಿಲ್ಲಿಸಿಬಿಟ್ಟಳು. ನಲವತ್ತನಾಲ್ಕು ಜೊತೆ ಕಣ್ಣುಗಳು ಮೆಲ್ಲಗೆ ಕುರ್ಚಿಯ ಕಡೆ ತಿರುಗಿದವು.

"ಮಿಸ್," ಅಂದ ಕಂಬ, ಬಹಳ ಮರ್ಯಾದೆಯಿಂದ, "ನಿಮ್ಮ ನೋಟ್ಸ್ ಎಲ್ಲಿದೆ?"

ಕಾಲ ಬುಡದ ಬ್ಯಾಗಿನಲ್ಲೇ ಇತ್ತು. ಅವಳ ಕೈ ಬ್ಯಾಗಿನ ಜಿಪ್ಪಿನವರೆಗೆ ಹೋಗಿ ನಿಂತಿತು. ಬೆಲ್ ಕಾಪಾಡಿತು.

ಕಾರಿಡಾರಿನಲ್ಲಿ ಪ್ರಿನ್ಸಿಪಾಲ್ ಮೇಡಂ ಎದುರಾದರು. ಮುಖ ಅರಳಿತ್ತು. "ಇಪ್ಪತ್ತನಾಲ್ಕು ಹೆಸರು ಆಗ್ಲೇ ಬಂದಿದೆ ಮೇಡಂ! ನಾನು ಹೇಳ್ಲಿಲ್ವಾ? ಶುಕ್ರವಾರದವರೆಗೆ ಏನೂ ಹೊಸ ಪ್ರಯೋಗ ಮಾಡ್ಬೇಡಿ. ಸುಮ್ಮನೆ ಇದ್ದುಬಿಡಿ."

ಸುಮ್ಮನಿರುವುದು ಕಷ್ಟವೇನಲ್ಲ. ಒಂಬತ್ತು ವರ್ಷದಿಂದ ಮಾಡಿದ್ದೇ ಅದು.

ಸಂಜೆ ಆರೂವರೆಗೆ ಅವಳು ಅಡುಗೆಮನೆಯ ಮೇಜಿನ ಮೇಲೆ ತನ್ನ ನೋಟ್‌ಬುಕ್ಕು ಬಿಚ್ಚಿದಳು. ಮಗಳು ಪಕ್ಕದಲ್ಲಿ ಈರುಳ್ಳಿ ಸುಲಿಯುತ್ತ ಮೂಗೆಳೆಯುತ್ತಿದ್ದಳು. ಗಿರಣಿಯ ಪಾಠ. ಬಲಗಡೆಯ ಪುಟದ ಕೊನೆಯ ಸಾಲು: 'ಹದಿನೇಳು ಜನ ಹೆಂಗಸರು.' ಹಾಳೆ ತಿರುಗಿಸಿದಳು: 'ಮರುವರ್ಷ ನದಿಯಾಚೆ ಕಟ್ಟಿದ...' ಸರಾಗ. ಎಲ್ಲೂ ತಡೆಯಿಲ್ಲ.

ಆದರೆ ಬೆರಳಿಗೆ ಆ ಹಾಳೆ ದಪ್ಪ ಎನಿಸಿತು. ಅಂಚನ್ನು ಉಗುರಿನಿಂದ ಕೆರೆದಳು. ಒಂದಲ್ಲ, ಎರಡು ಹಾಳೆ. ನಡುವೆ ಅಂಟು ಒಣಗಿ ಹಳದಿ ಗೆರೆಯಾಗಿತ್ತು.

ಆಗ ನೆನಪಾಯಿತು. ಒಂಬತ್ತು ವರ್ಷದ ಹಿಂದೆ, ಇದೇ ಮೇಜು. ಮೌಲ್ಯಮಾಪನಕ್ಕೆ ನೂರಿಪ್ಪತ್ತು ಉತ್ತರ ಪತ್ರಿಕೆ, ಮರುದಿನವೇ ಕೊಡಬೇಕು. ಎರಡು ವರ್ಷದ ಮಗಳು ಹಟ ಹಿಡಿದು ಅಳುತ್ತಿದ್ದಳು. ಅರ್ಧ ಗಂಟೆ ಸುಮ್ಮನಿರಲಿ ಸಾಕು ಎಂದು ಕೈಗೆ ಸಿಕ್ಕ ಅಂಟಿನ ಡಬ್ಬಿಯನ್ನೂ ಬ್ರಷ್ಷನ್ನೂ ಅವಳ ಮುಂದಿಟ್ಟಿದ್ದಳು. ಮಗು ಸುಮ್ಮನಾಯಿತು. ಏನಕ್ಕೆ ಅಂಟು ಹಚ್ಚುತ್ತಿದೆ ಎಂದು ತಲೆ ಎತ್ತಿ ನೋಡಿರಲಿಲ್ಲ.

"ಏನಮ್ಮ ಅದು?"

"ನೀರು ಕಾಯೋಕೆ ಇಡು. ಆವಿ ಬೇಕು."

ಕುದಿಯುವ ಪಾತ್ರೆಯ ಮೇಲೆ ಪುಸ್ತಕ ಹಿಡಿದು, ತೆಳ್ಳನೆಯ ಚಾಕು ತೂರಿಸಿ, ಒಂದೊಂದೇ ಬೆರಳಗಲ ಬಿಡಿಸಿದರು ತಾಯಿ ಮಗಳು. ಮುಕ್ಕಾಲು ಗಂಟೆ ಹಿಡಿಯಿತು. ಅನ್ನ ತಳ ಹಿಡಿಯಿತು. ಕೊನೆಗೆ ಹಾಳೆ ಪಟ್ಟನೆ ತೆರೆದುಕೊಂಡಿತು.

ಎಡದ ಪುಟದಲ್ಲಿ ಹೆಸರುಗಳು, ಒಂದರ ಕೆಳಗೊಂದು, ಎಳೆಯ ದುಂಡಗಿನ ಅಕ್ಷರ. ಬಲದ ಪುಟದಲ್ಲಿ ಬೀಗ, ಕೀಲಿ ಯಾರ ಜೇಬಿನಲ್ಲಿತ್ತು, ಕಿಟಕಿಯ ಸರಳು, ಪುಟದ ಕೊನೆಗೆ 'ಬದುಕುಳಿದವರು' ಎಂಬ ಒಂದೇ ಪದ. ಇಷ್ಟು ಮುದ್ದಾಗಿ ತಾನು ಬರೆಯುತ್ತಿದ್ದೆನೇ? ಕೆಲಸಕ್ಕೆ ಸೇರಿದ ಮೊದಲ ವರ್ಷ, ರಜೆಯಲ್ಲಿ, ಯಾರೂ ಹೇಳದೆ, ಗಿರಣಿಯವರ ಸಾಲುಮನೆಗಳ ಬಾಗಿಲು ಬಾಗಿಲು ತಟ್ಟಿ ಕೇಳಿ ಬರೆದುಕೊಂಡದ್ದು. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ್ದು. ಹದಿನೆಂಟು ವರ್ಷದಲ್ಲಿ ಅವಳು ಬರೆದ ಎರಡು ಒಳ್ಳೆಯ ಪುಟ ಇವೇ. ಅಂಟಿಕೊಂಡದ್ದೂ ಇವೇ.

ಹೆಸರುಗಳ ಸಾಲಿನಲ್ಲಿ ಒಂದರ ಮೇಲೆ ಪುಟ್ಟ ಹೆಬ್ಬೆರಳಿನ ಗುರುತು. ಬಿಡಿಸುವಾಗ ಅಲ್ಲಿಯ ಶಾಯಿ ಎದ್ದು ಬಂದಿತ್ತು. ಹದಿನಾರು ಓದಬಹುದು, ಒಂದು ಹೋಯಿತು.

ಮಗಳು ತನ್ನ ಹೆಬ್ಬೆರಳನ್ನು ಆ ಗುರುತಿನ ಪಕ್ಕ ಇಟ್ಟು ನೋಡಿದಳು. "ಅಂಟು ಹಚ್ಚಿದ್ದು ನಾನಾ?"

"ನೀನೇ. ಕೊಟ್ಟಿದ್ದು ನಾನು."

"ಈಗ ಬೈತಾರಾ ನಿಂಗೆ?"

ಬೈಯುವುದಿಲ್ಲ. ಬೈಯುವವರು ಯಾರೂ ಇಲ್ಲ. ಅದೇ ತೊಂದರೆ. ಪುಸ್ತಕ ಬಿಡಿಸಿ ತೋರಿಸಿದರೆ ಕಟ್ಟಿನ ಮೇಲಿನ ನಂಬಿಕೆ ಹೋಗುತ್ತದೆ, ಕಟ್ಟು ನಂಬಿ ಬಂದ ಇಪ್ಪತ್ತನಾಲ್ಕು ಹೆಸರುಗಳೂ ಹೋಗುತ್ತವೆ. ಬೆಳಗ್ಗೆ ಆರರ ಬಸ್ಸು, ಮಗಳು ಒಬ್ಬಳೇ ಎದ್ದು, ಒಬ್ಬಳೇ ತಿಂದು, ಬೀಗ ಹಾಕಿಕೊಂಡು ಹೋಗಬೇಕು. ಎರಡು ದಿನ ಬಾಯಿ ಮುಚ್ಚಿಕೊಂಡು ಶನಿವಾರ ಹೇಳಿದರೆ ಯಾರ ಗಂಟೇನು ಹೋಗುತ್ತದೆ? ಅರವತ್ತೊಂದು ವರ್ಷ ಕಾದವರಿಗೆ ಇನ್ನೆರಡು ದಿನ ಹೆಚ್ಚೇನಲ್ಲ. ತಳ ಹಿಡಿದ ಅನ್ನವನ್ನು ಮೇಲಿಂದ ಮೇಲಿಂದ ಬಡಿಸುತ್ತ ಅವಳು ಇದನ್ನೇ ತಿರುವಿ ಹಾಕಿದಳು. ಹಾಳೆ ಬಿಡಿಸುವಾಗಲೇ ತರಗತಿಯ ಕತೆಯೆಲ್ಲ ತಿಳಿದುಕೊಂಡಿದ್ದ ಮಗಳು ತುತ್ತಿನ ನಡುವೆ ಕೇಳಿದಳು: "ಆ ಮೌನಿಗೆ ನಾಳೆ ಏನು ಹೇಳ್ತೀಯ?"

ಗುರುವಾರ ಅವಳು ಕುರ್ಚಿಯನ್ನು ತರಗತಿಯ ಮಧ್ಯಕ್ಕೆ ಎಳೆದುಕೊಂಡು ಕೂತಳು. ನಿಂತು ಹೇಳಲು ಆಗುವ ಮಾತಲ್ಲ ಅದು. ಪುಸ್ತಕ ಬಿಡಿಸಿ ಎಲ್ಲರಿಗೂ ಕಾಣುವಂತೆ ಹಿಡಿದಳು.

"ಲಾಯರ್ ಹೇಳಿದ್ದು ಸರಿ. ಬಿಟ್ಟಿದ್ದು ನಾನು. ಎರಡು ಹಾಳೆ ಅಂಟ್ಕೊಂಡಿತ್ತು. ಒಂಬತ್ತು ವರ್ಷ ಓದ್ತಾ ಇದ್ದೆ, ಏನು ಓದ್ತಿದೀನಿ ಅಂತ ಕೇಳಿಸ್ಕೊಂಡಿಲ್ಲ. ನೀವು ಕೇಳಿಸ್ಕೋತಿರ್ಲಿಲ್ಲ ಅಂತ ಬೇಜಾರು ಮಾಡ್ಕೊಂಡಿದ್ದೆ. ನಾನೂ ಕೇಳಿಸ್ಕೋತಿರ್ಲಿಲ್ಲ."

"ಪರೀಕ್ಷೇಲಿ ಹಾಗೇ ಬರೆದೋರಿಗೆ ಎಷ್ಟು ಕೊಟ್ರಿ ಮಿಸ್?"

"ಐದಕ್ಕೆ ಐದು."

ಹಿಂದಿನ ಬೆಂಚಿನಲ್ಲಿ ಯಾರೋ ಸಿಳ್ಳೆಯಂತೆ ಉಸಿರು ಬಿಟ್ಟ.

ಅವಳು ಆ ಎರಡು ಪುಟ ಓದಿದಳು. ಬೀಗ, ಕೀಲಿ, ಸರಳು. ನೂಲಿನ ವಿಭಾಗದ ಹೆಂಗಸರು ಹೊತ್ತಿಗೆ ಮುಂಚೆ ಹೊರಗೆ ಹೋಗದಿರಲಿ ಎಂದು ಮೇಸ್ತ್ರಿ ಬೀಗ ಹಾಕಿ ಚಹಾ ಕುಡಿಯಲು ಹೋಗಿದ್ದು. ಆಮೇಲೆ ಹೆಸರುಗಳು. ಎಷ್ಟೋ ವರ್ಷಗಳ ಮೇಲೆ ಅವಳಿಗೆ ತನ್ನ ದನಿಯೇ ಕೇಳಿಸಿತು, ಸ್ವಲ್ಪ ಒರಟು, ಅಲ್ಲಲ್ಲಿ ಒಡೆದದ್ದು. ಆರನೆಯ ಹೆಸರಿಗೆ ಮೌನಿ ತಲೆ ಎತ್ತಿದಳು. ಕೈ ಎತ್ತಬೇಕೋ ಬೇಡವೋ ಎಂಬಂತೆ ಅರ್ಧ ಎತ್ತಿ ಇಳಿಸಿದಳು, ಹಾಜರಿಗೆ ಬೇರೆಯವರ ಪರವಾಗಿ ಓಗೊಟ್ಟ ಹಾಗೆ. ಯಾರೂ ನಗಲಿಲ್ಲ.

"ಹನ್ನೊಂದನೆಯದು ಹೋಗಿದೆ," ಅಂದಳು ಮಿಸ್. "ನನಗೆ ನೆನಪಿಲ್ಲ. ಎಲ್ಲೂ ಬರೆದಿಟ್ಟಿಲ್ಲ ಕೂಡ."

"ಚಿಕ್ಕಮ್ಮನ ನೋಟ್ಸಲ್ಲಿ?"

"ಇತ್ಯಾದಿ ಅಲ್ವೇನೋ, ಮಂಕೆ."

"ನಮ್ಮಜ್ಜೀನ ಕೇಳ್ತೀನಿ," ಅಂದಳು ಮೌನಿ. "ಅವರು ದಿನಾ ಅಕ್ಕಂಗೆ ಊಟದ ಡಬ್ಬಿ ಕೊಡೋಕೆ ಹೋಗ್ತಿದ್ರಂತೆ. ಎಲ್ಲರನ್ನೂ ನೋಡಿದಾರೆ."

ಕಂಬ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಯೋಚಿಸುತ್ತಿದ್ದ. "ಮಿಸ್, ಹಾಗಾದ್ರೆ ಇದರಲ್ಲಿ ಉಳಿದ ಪಾಠಗಳು? ಅವೆಲ್ಲಾ ಸರಿ ಇದ್ಯಾ?"

ಹೌದು ಎಂದುಬಿಡಬಹುದಿತ್ತು. ಹೌದು ಎಂದರೆ ಇಪ್ಪತ್ತನಾಲ್ಕು ಉಳಿಯುತ್ತಿತ್ತು.

"ಗೊತ್ತಿಲ್ಲಪ್ಪ," ಅಂದಳು. "ಒಂದೊಂದಾಗಿ ನೋಡ್ಬೇಕು. ಹತ್ತನೇ ಕ್ಲಾಸಿಗೆ ಇದನ್ನ ನಂಬ್ಕೊಂಡು ಬರೋರು ಬರ್ಬೇಡಿ. ನಾನು ಬರೆಸಲ್ಲ. ಹೀಗೆ ಹುಡುಕಿಸ್ತೀನಿ. ಜಾಸ್ತಿ ಕೆಲಸ, ಮಾರ್ಕ್ಸ್ ಬರುತ್ತೋ ಇಲ್ವೋ ಗ್ಯಾರಂಟಿ ಇಲ್ಲ. ನನಗೂ ಜಾಸ್ತಿ ಕೆಲಸ."

ಕೊನೆಯ ಮಾತು ಅಷ್ಟು ಸೋತ ದನಿಯಲ್ಲಿ ಬಂತೆಂದರೆ, ಲಾಯರ್ ಅವಳನ್ನು ಮೊದಲ ಬಾರಿಗೆ ಕನಿಕರದಿಂದ ನೋಡಿದಳು.

ಸಂಜೆಯೊಳಗೆ ಒಂಬತ್ತು ಮಕ್ಕಳು ಆಫೀಸಿಗೆ ಹೋಗಿ ಪಟ್ಟಿಯಿಂದ ಹೆಸರು ತೆಗೆಸಿಕೊಂಡರು. ಪ್ರಿನ್ಸಿಪಾಲ್ ಮೇಡಂ ಸ್ಟಾಫ್ ರೂಮಿನವರೆಗೂ ಬಂದು, "ಹದಿನೈದಕ್ಕೆ ಇಳೀತು. ನಿಮಗೆ ಏನಾಗಿತ್ತು ಮೇಡಂ?" ಎಂದು ಕೇಳಿದರು. ಅವಳಿಗೆ ಸುಸ್ತಾಗಿತ್ತು, ಅಷ್ಟೆ, ಸುಳ್ಳನ್ನು ಹೊತ್ತುಕೊಂಡು ಓಡಾಡುವಷ್ಟು ಶಕ್ತಿ ಉಳಿದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಪಟ್ಟಿಯನ್ನು ತಂದು ಅವಳ ಮುಂದೆ ಇಟ್ಟವರೂ ಅವರೇ. ಬೆರಳಿನಿಂದ ಕೊನೆಯ ಸಾಲು ತೋರಿಸಿದರು. ಇಪ್ಪತ್ತೊಂದು.

"ಕಾಮರ್ಸಿಂದ ಮೂರು, ಕಂಪ್ಯೂಟರಿಂದ ಮೂರು. ಅದರಲ್ಲೊಬ್ಬಳು ಆ ವಾದ ಮಾಡೋ ಹುಡುಗಿ. ಅವಳ ಅಪ್ಪ ಬಂದು ಕೂಗಾಡಿ ಹೋದ್ರು. ನಿಮ್ಮ ತಲೆಗೇ ಕಟ್ತೀನಿ, ನೀವೇ ಮಾತಾಡ್ಕೊಳ್ಳಿ."

ಖುಷಿಯಾಗಬೇಕಿತ್ತು. ಆಯಿತು ಕೂಡ, ಎಲ್ಲೋ ಒಳಗೆ, ಕಾಲುನೋವಿನ ಕೆಳಗೆ. ಆದರೆ ಮೊದಲು ಕಣ್ಣ ಮುಂದೆ ಬಂದದ್ದು ಹದಿನೆಂಟು ವರ್ಷದ ನೋಟ್ಸು, ಪುಟ ಪುಟ, ಸಾಲು ಸಾಲು. ಎಲ್ಲವನ್ನೂ ಮತ್ತೆ ನೋಡಬೇಕಲ್ಲಪ್ಪಾ.

ಬಾಗಿಲಲ್ಲಿ ಲಾಯರ್ ಇಣುಕಿದಳು. "ಮಿಸ್, ಒಂದು ಡೌಟು. ಆ ರಾಜ ಯುದ್ಧ ಸೋತಿದ್ದು ಪುಸ್ತಕದಲ್ಲಿದೆ. ಅಷ್ಟೊಂದು ಮದುವೆ ಆಗಿದ್ದಕ್ಕೆ ಆಧಾರ ಏನು?"

ಮಿಸ್ ಬಾಯಿ ತೆರೆದಳು. ಹದಿನೆಂಟು ವರ್ಷ ಹೇಳಿದ ಜೋಕು. ತಾನು ಓದುವಾಗ ತನ್ನ ಮೇಷ್ಟ್ರು ಹೇಳಿದ್ದು. ಅವರಿಗೆ ಯಾರು ಹೇಳಿದ್ದರೋ.

"ಸೋಮವಾರ ಹುಡುಕೋಣ. ಈಗ ಹೋಗಮ್ಮ, ಪುಣ್ಯ ಬರುತ್ತೆ."

ಲಾಯರಿನ ಬೆನ್ನ ಹಿಂದೆ ಮೌನಿ ನಿಂತಿದ್ದಳು. ಲಾಯರ್ ಹೋದಮೇಲೆ ಒಳಗೆ ಬಂದು ನಾಲ್ಕು ಮಡಿಕೆ ಮಾಡಿದ ಚೀಟಿ ಕೊಟ್ಟಳು. ಪಟ್ಟಿಯಲ್ಲಿ ಅವಳ ಹೆಸರಿಲ್ಲವೆಂಬುದು ಮಿಸ್‌ಗೆ ಆಗ ಗೊತ್ತಾಯಿತು.

"ನಾನು ಅಕೌಂಟ್ಸ್ ತಗೊಂಡೆ ಮಿಸ್. ಮುಂಚಿಂದಾನೂ ಅದೇ ಅಂದ್ಕೊಂಡಿದ್ದು."

"ಒಳ್ಳೇದಾಯ್ತು ಬಿಡು."

"ಅಜ್ಜಿಗೆ ಆ ಹೆಸರು ನೆನಪಿತ್ತು. ಅಕ್ಕನ ಪಕ್ಕದ ಮೆಷಿನ್ನಂತೆ. ಡಬ್ಬಿ ತಗೊಂಡು ಹೋದಾಗ ಇವರೇ ಕೆನ್ನೆ ಹಿಂಡ್ತಿದ್ರಂತೆ." ಹುಡುಗಿ ಚಪ್ಪಲಿಯ ತುದಿಯನ್ನು ನೋಡಿಕೊಂಡಳು. "ಅಜ್ಜಿ ಹೇಳಿದ್ರು, ತುಂಬಾ ಹಿಂದೆ ಚಿಕ್ಕ ವಯಸ್ಸಿನ ಟೀಚರೊಬ್ಬರು ಮನೆಗೆ ಬಂದು ಎಲ್ಲಾ ಕೇಳಿ ಬರ್ಕೊಂಡು ಹೋಗಿದ್ರಂತೆ. ಆಮೇಲೆ ಅದನ್ನ ಏನು ಮಾಡಿದ್ರೋ ಗೊತ್ತಾಗ್ಲಿಲ್ಲ ಅಂದ್ರು."

ಮಿಸ್ ಚೀಟಿಯನ್ನು ಬಿಡಿಸಿದಳು. ನಡುಗುವ ಕೈಯ ದೊಡ್ಡ ಅಕ್ಷರ, ಅಜ್ಜಿಯೇ ಬರೆದಿರಬೇಕು.

"ನಾನೇ ಅಂತ ಹೇಳು," ಅಂದಳು. "ಇಟ್ಕೊಂಡಿದ್ದೆ ಅಂತ ಹೇಳು. ನಾಡಿದ್ದು ಭಾನುವಾರ ಬರ್ತೀನಿ, ಮನೇಲಿರ್ತಾರಾ?"

"ಎಲ್ಲಿ ಹೋಗ್ತಾರೆ ಮಿಸ್, ಮೊಣಕಾಲು ನೋವು."

"ನನಗೂ."

ಹುಡುಗಿ ಹೋದಳು. ಅವಳು ಪುಸ್ತಕ ತೆರೆದು, ಹತ್ತನೆಯ ಮತ್ತು ಹನ್ನೆರಡನೆಯ ಹೆಸರಿನ ನಡುವೆ, ಮಗಳ ಹೆಬ್ಬೆರಳ ಗುರುತಿನ ಮೇಲೆಯೇ ಚೀಟಿಯಲ್ಲಿದ್ದುದನ್ನು ಬರೆದಳು. ಒಣಗಿದ ಅಂಟಿನ ಮೇಲೆ ಶಾಯಿ ಬೇಗ ಇಂಗಲಿಲ್ಲ, ಹಸಿಯಾಗಿ ಹೊಳೆಯುತ್ತ ನಿಂತಿತು. ಬೆಲ್ ಹೊಡೆಯಿತು. ಕಾರಿಡಾರಿನಲ್ಲಿ ಕಾಲ ಸದ್ದು ಹರಿದುಹೋಯಿತು. ಐದರ ಬಸ್ಸು ಬರುವ ಹೊತ್ತು. ತಪ್ಪಿದರೆ ಆರೂಕಾಲರವರೆಗೆ ಇನ್ನೊಂದಿಲ್ಲ. ಅವಳು ಎರಡು ಹಾಳೆಗಳ ನಡುವೆ ಅಡ್ಡ ಸ್ಕೇಲು ಇಟ್ಟು, ಒಂದಕ್ಕೊಂದು ತಾಕದಂತೆ ಹಿಡಿದುಕೊಂಡು, ಒಣಗಲಿ ಎಂದು ಕೂತಳು.